ತಾತನ ಬಾವಿ ಮಾವು: ನಾನೇ ಕಡಿಸಿದ ಮರ ಕಲಿಸಿದ ಪಾಠ

ನಮ್ಮ ತಾತನ ತೋಟದಲ್ಲಿ ಬಾವಿ ಪಕ್ಕ ಒಂದು ನಾಟಿ ಮಾವಿನ ಮರ ಇತ್ತು. ಅದನ್ನು ಕಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಅದೂ ತೋಟಗಾರಿಕೆ ಡಿಗ್ರಿ ಕೈಗೆ ಬಂದ ವರ್ಷವೇ.

ಈಗ ಮಾವಿನ ಕಾಲ. ನಿಮ್ಮಲ್ಲೂ ಎಷ್ಟೋ ಜನರ ಹಿತ್ತಲಲ್ಲಿ, ಬದುವಿನ ಮೇಲೆ, ತಾತನೋ ಮುತ್ತಾತನೋ ಹಾಕಿದ ಒಂದು ಹಳೇ ಮರ ಇರುತ್ತೆ. 'ನೆರಳು ಜಾಸ್ತಿ, ಬೆಳೆ ಬರಲ್ಲ, ತೆಗೆದುಬಿಡೋಣ' ಅನ್ನೋ ಮಾತು ಮನೆಯಲ್ಲಿ ಆಗಾಗ ಬರ್ತಾನೂ ಇರಬಹುದು. ಗರಗಸ ತರುವ ಮೊದಲು ಈ ವಾರದ ಲೇಖನ ಓದಿ. ಇದರಲ್ಲಿ ನನ್ನ ತಪ್ಪೂ ಇದೆ, ಅದರಿಂದ ಕಲಿತ ಕೆಲಸವೂ ಇದೆ: ಹಳೇ ಮರದಿಂದ ಕಸಿ ಮಾಡೋದು ಹೇಗೆ, ಹತ್ತು ಗುಂಟೆಯಲ್ಲಿ ವರ್ಷಪೂರ್ತಿ ಹಣ್ಣು ಕೊಡುವ ಹಿತ್ತಲು ಕಟ್ಟೋದು ಹೇಗೆ.

ಏಪ್ರಿಲ್ ಹತ್ತರ ಬಸ್ಸು

ನಾನು ಬೆಳೆದದ್ದು ಚಾಮರಾಜನಗರದಲ್ಲಿ. ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಪಾಸೋ ಫೇಲೋ ಗೊತ್ತಾಗ್ತಿತ್ತು. ಮಾರನೇ ದಿನವೇ ಅಮ್ಮ ನನ್ನನ್ನೂ ತಂಗಿಯನ್ನೂ ಗುಂಡ್ಲುಪೇಟೆ ಬಸ್ಸು ಹತ್ತಿಸುತ್ತಿದ್ದಳು. ತೆರಕಣಾಂಬಿ ದಾಟಿ ಸ್ವಲ್ಪ ದೂರಕ್ಕೆ ಇಳಿದು, ಮಣ್ಣುದಾರಿಯಲ್ಲಿ ನಡೆದರೆ ತಾತನ ತೋಟ. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಕಾಣೋದು. ಅಲ್ಲಿಂದ ಶಾಲೆ ಶುರುವಾಗೋವರೆಗೂ ನಮ್ಮ ಕಾಲಿಗೆ ಚಪ್ಪಲಿ ಇರ್ತಿರಲಿಲ್ಲ.

ತಾತನದು ಒಟ್ಟು ಮೂರು ಎಕರೆ. ಹೊಲದಲ್ಲಿ ರಾಗಿ, ಜೋಳ, ಹುರುಳಿ, ಅವರೆ. ಮನೆ ಮತ್ತು ಬಾವಿ ಸುತ್ತ ಹತ್ತು ಗುಂಟೆಯಷ್ಟು ಜಾಗ ಮಾತ್ರ ಹಣ್ಣಿನ ಮರಗಳಿಗೆ. ಬಾವಿ ಪಕ್ಕ ಮಾವು. ಮೂಲೆಯಲ್ಲಿ ಹಲಸು. ಬಚ್ಚಲ ನೀರು ಹರಿಯೋ ಕಡೆ ಬಾಳೆ. ಕಲ್ಲು ಗುಡ್ಡೆ ಇದ್ದ ಕಡೆ ಸೀತಾಫಲ. ದನದ ಕೊಟ್ಟಿಗೆ ಹಿಂದೆ ಎರಡು ಸೀಬೆ, ಒಂದು ನಿಂಬೆ. ಬೇಲಿಯಲ್ಲಿ ಎಲಚಿ, ಬೇಲ, ಒಂದು ನೆಲ್ಲಿ. ಹೊಲದ ಆ ತುದಿಯಲ್ಲಿ ಹುಣಸೆ, ನೇರಳೆ.

ಬಾವಿ ಮಾವು ಸಣ್ಣ ಹಣ್ಣು, ನಾರು ಜಾಸ್ತಿ, ಸಿಪ್ಪೆ ದಪ್ಪ. ಕೊಯ್ದು ತಿನ್ನೋ ಹಣ್ಣಲ್ಲ ಅದು. ಅಂಗೈಯಲ್ಲಿಟ್ಟು ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಬಾಯಿಗಿಟ್ಟು ಚೀಪಬೇಕು. ರಸ ಮೊಣಕೈವರೆಗೂ ಇಳಿಯೋದು. ಅಂಗಡಿ ಲೆಕ್ಕದಲ್ಲಿ ಆ ಹಣ್ಣಿಗೆ ಬೆಲೆ ಇಲ್ಲ. ಆದರೆ ಇವತ್ತಿಗೂ ಮಾವು ಅಂದ ತಕ್ಷಣ ನನ್ನ ಮೂಗಿಗೆ ಬರೋದು ಆ ಮರದ ವಾಸನೆಯೇ.

ಆಟ ಅಂದುಕೊಂಡದ್ದು ಪಾಠವಾಗಿತ್ತು

ಮುಂದೆ ಕಾಲೇಜಿನಲ್ಲಿ ಪುಸ್ತಕ ಓದುವಾಗ ಒಂದೊಂದು ಪಾಠವೂ ತಾತನ ತೋಟದಲ್ಲಿ ನೋಡಿದ್ದೇ ಆಗಿತ್ತು. ಆಗ ಗೊತ್ತಾಗಿರಲಿಲ್ಲ ಅಷ್ಟೇ. ಮೂರು ಉದಾಹರಣೆ ಹೇಳ್ತೀನಿ.

ಒಂದು, ಬಿದ್ದ ಹಣ್ಣು. ಬೆಳಗ್ಗೆ ಎದ್ದ ಕೂಡಲೇ ಮಕ್ಕಳೆಲ್ಲ ಮಂಕರಿ ಹಿಡಿದು ಮಾವಿನ ಮರದಡಿ ಓಡಬೇಕು. "ಬಿದ್ದ ಹಣ್ಣ ಒಂದ್ನೂ ಬುಡ್ಬ್ಯಾಡಿ ಕನ್ರಪ್ಪ" ಅಂತ ತಾತ ಜಗುಲಿಯಿಂದಲೇ ಕೂಗೋರು. ಚೆನ್ನಾಗಿರೋದು ನಮಗೆ. ಹುಳ ಬಿದ್ದದ್ದು ಗುಂಡಿಗೆ, ಮೇಲೆ ಮಣ್ಣು. ಯಾರು ಹೆಚ್ಚು ಆರಿಸ್ತಾರೆ ಅನ್ನೋದು ನಮಗೆ ಪಂದ್ಯ. ಅದರ ಹಿಂದಿನ ಕಾರಣ ಹಣ್ಣು ನೊಣ. ಈ ನೊಣ ಬಲಿಯುತ್ತಿರುವ ಕಾಯಿಯೊಳಗೆ ಮೊಟ್ಟೆ ಇಡುತ್ತೆ, ಮರಿಹುಳು ತಿರುಳು ತಿಂದು ಹಣ್ಣಿನ ಜೊತೆ ನೆಲಕ್ಕೆ ಬಂದು, ಮಣ್ಣೊಳಗೆ ಹೋಗಿ ಕೋಶವಾಗಿ, ಮತ್ತೆ ನೊಣವಾಗಿ ಹೊರಗೆ ಬರುತ್ತೆ. ಬಿದ್ದ ಹಣ್ಣನ್ನು ದಿನಾ ಆರಿಸಿ ಎರಡು ಅಡಿ ಆಳಕ್ಕೆ ಹೂತರೆ ಆ ಸುತ್ತು ಅಲ್ಲೇ ಮುರಿಯುತ್ತೆ. ಈಗ ನಾನು ಇದರ ಜೊತೆಗೆ ಮೀಥೈಲ್ ಯೂಜಿನಾಲ್ ಇರುವ ಮೋಹಕ ಬಲೆಗಳನ್ನು ಎಕರೆಗೆ ಆರರಿಂದ ಎಂಟರಂತೆ, ಕೊಯ್ಲಿಗೆ ಒಂದೂವರೆ ತಿಂಗಳು ಇರುವಾಗಲೇ ಕಟ್ಟುತ್ತೇನೆ. ಆದರೆ ಒಂದು ಮಾತು: ಬಲೆ ಹಿಡಿಯೋದು ಗಂಡು ನೊಣವನ್ನು ಮಾತ್ರ. ಬಿದ್ದ ಹಣ್ಣು ಆರಿಸದೆ ಬರೀ ಬಲೆ ಕಟ್ಟಿದರೆ ಅರ್ಧ ಕೆಲಸವಷ್ಟೇ.

ಎರಡು, ಸೀಬೆಯ ನೀರು. ಬೇಸಿಗೆಯಲ್ಲಿ ಸೀಬೆ ಗಿಡ ಬಾಡಿದ್ದು ನೋಡಿ ನಾನು ಒಮ್ಮೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದೆ. ತಾತ ಬೈಯಲಿಲ್ಲ. "ಸೀಬಗ ಬ್ಯಾಸಗಲಿ ನೀರ್ ಬುಡ್ಬ್ಯಾಡ ಕನ ಮಗ, ಅದು ಒಂಚೂರು ಬಳಲ್ಲಿ" ಅಂದ್ರು. ಬಳಲಲಿ ಅಂದ್ರೆ ಏನು ಅಂತ ಅರ್ಥವಾಗಿದ್ದು ಹತ್ತು ವರ್ಷದ ಮೇಲೆ. ಬೇಸಿಗೆಯಲ್ಲಿ ನೀರು ಕೊಟ್ಟರೆ ಆಗ ಬರುವ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತೆ. ಮಳೆಗಾಲದ ಸೀಬೆ ಸಪ್ಪೆ, ಹಣ್ಣು ನೊಣದ ಕಾಟವೂ ಹೆಚ್ಚು. ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಮೊದಲ ಮಳೆ ಬಂದ ಮೇಲೆ ಪಾತಿ ಕೆರೆದು ಗೊಬ್ಬರ ಕೊಟ್ಟರೆ ಜೂನ್-ಜುಲೈನಲ್ಲಿ ಹೂವು, ನವೆಂಬರ್‌ನಿಂದ ಜನವರಿವರೆಗೆ ಹಣ್ಣು. ಚಳಿಗಾಲದ ಈ ಹಣ್ಣು ಸಿಹಿ, ಗಟ್ಟಿ, ಹುಳವೂ ಕಡಿಮೆ. ಪುಸ್ತಕದಲ್ಲಿ ಇದಕ್ಕೆ 'ಬಹಾರ್ ನಿಯಂತ್ರಣ' ಅಂತ ಹೆಸರು. ತಾತನ ಬಾಯಲ್ಲಿ 'ಬಳಲ್ಲಿ'.

ಮೂರು, ಅಡೆ. ಮರಕ್ಕೆ ಕಲ್ಲು ಹೊಡೆಯೋ ಹಾಗಿರಲಿಲ್ಲ. ದೋಟಿಗೆ ಬಲೆ ಕಟ್ಟಿ, ತೊಟ್ಟು ಒಂದೆರಡು ಇಂಚು ಇರುವಂತೆ ಕೀಳಬೇಕು. ಕಿತ್ತ ಕಾಯಿಯ ತೊಟ್ಟು ಚಿಕ್ಕದು ಮಾಡಿ ಬೋರಲಾಗಿಟ್ಟು ಸೊನೆ ಇಳಿಸಬೇಕು, ಇಲ್ಲದಿದ್ದರೆ ಸೊನೆ ತಾಗಿದ ಕಡೆ ಸಿಪ್ಪೆ ಕಪ್ಪಾಗುತ್ತೆ. ಆಮೇಲೆ ಅಜ್ಜಿ ಕತ್ತಲೆ ಕೋಣೆಯಲ್ಲಿ ರಾಗಿ ಹುಲ್ಲು ಹಾಸಿ, ಒಂದು ಪದರ ಕಾಯಿ, ಒಂದು ಪದರ ಹುಲ್ಲು ಹಾಕಿ ಅಡೆ ಹಾಕೋರು. ಐದಾರು ದಿನಕ್ಕೆ ಕೋಣೆ ಬಾಗಿಲು ತೆಗೆದರೆ ಸಾಕು, ಬೀದಿಗೆಲ್ಲ ಗೊತ್ತಾಗೋದು. ಯಾವ ಕಾಯಿ ಬಲಿತಿದೆ ಅನ್ನೋದಕ್ಕೆ ತಾತನ ಗುರುತು ಎರಡು: ತೊಟ್ಟಿನ ಸುತ್ತ ಭುಜ ಎದ್ದು ತೊಟ್ಟು ಒಳಗೆ ಹೋದಂತೆ ಕಾಣಬೇಕು, ಮರದಲ್ಲಿ ತಾನಾಗಿ ಹಣ್ಣಾಗಿ ಒಂದೆರಡು ಉದುರಿರಬೇಕು. ಎಳೆಗಾಯಿ ಕಿತ್ತು ಕಾರ್ಬೈಡ್ ಇಟ್ಟರೆ ಬಣ್ಣ ಬರುತ್ತೆ, ರುಚಿ ಬರಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡೋದು 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ನಿಷಿದ್ಧ ಅನ್ನೋದೂ ನೆನಪಿರಲಿ.

ನಾನು ಮಾಡಿದ ತಪ್ಪು

ಡಿಗ್ರಿ ಮುಗಿಸಿ ಬಂದಾಗ ನನಗೆ ಇಪ್ಪತ್ತೆರಡು. ಎಲ್ಲವನ್ನೂ ಎಕರೆಗೆ ಇಷ್ಟು ಟನ್ ಅಂತಲೇ ಲೆಕ್ಕ ಹಾಕ್ತಿದ್ದೆ. ಆ ಹೊತ್ತಿಗೆ ತೋಟ ನೋಡಿಕೊಳ್ತಿದ್ದವರು ಸೋದರಮಾವ. ಬೋರು ಕೊರೆಸಿದ್ದರು, ಒಳ್ಳೇ ನೀರು ಬಿದ್ದಿತ್ತು. 'ಅಂಗಾಂಶ ಬಾಳೆ ಹಾಕೋಣ ಮಾವ, ಹನಿ ನೀರಾವರಿ ಮಾಡೋಣ' ಅಂದೆ. ಅಳತೆ ಹಿಡಿದಾಗ ಬಾವಿ ಮಾವಿನ ನೆರಳು ಎರಡು ಸಾಲಿಗೆ ಬೀಳ್ತಿತ್ತು. ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯೋದು, ಹಣ್ಣಿಗೆ ಮಾರುಕಟ್ಟೆ ಇಲ್ಲ, ಬೇರು ಬಾವಿ ಕಟ್ಟಡ ಸೀಳಿದೆ. ಕಡಿಯೋದೇ ಸರಿ ಅಂತ ನಾನೇ ಹೇಳಿದೆ.

ತಾತ ಆಗ ಎಂಬತ್ತರ ಹತ್ತಿರ. ಜಗುಲಿ ಮೇಲೆ ಕೂತಿದ್ದರು. "ಓದ್ದವ ನೀನು, ನಿಂಗ ಗೊತ್ತಿರ್ತದ" ಅಂದರು. ಅಷ್ಟೇ. ಮರ ಸೌದೆಗೆ ಹೋಯಿತು. ಬಂದ ದುಡ್ಡು ಒಂದು ತಿಂಗಳೂ ಬಾಳಲಿಲ್ಲ.

ಮೊದಲನೇ ಬಾಳೆ ಬೆಳೆ ಚೆನ್ನಾಗಿ ಬಂತು. ಎರಡನೆಯದರಲ್ಲಿ ರೇಟು ಬಿತ್ತು. ಮೂರನೆಯದರ ಹೊತ್ತಿಗೆ ಬೋರು ಬತ್ತಿತು. ಬಾವಿ ಮೊದಲೇ ಬತ್ತಿತ್ತು. ಬೇರೆ ಇನ್ನೇನನ್ನು ದೂರಲಿ? ಬಾಳೆ ಕೆಟ್ಟ ಬೆಳೆ ಅಂತ ನಾನು ಹೇಳ್ತಿಲ್ಲ. ನಮ್ಮ ಭಾಗದಲ್ಲಿ ಬಾಳೆ, ಅರಿಶಿನ, ಟೊಮೆಟೊ, ಈರುಳ್ಳಿ, ಬಣ್ಣಕ್ಕೆ ಹೋಗೋ ಚೆಂಡು ಹೂವು ಬೆಳೆದು ಬದುಕಿದ ಮನೆಗಳು ಬೇಕಾದಷ್ಟಿವೆ. ತಪ್ಪಾದದ್ದು ಹತ್ತು ಥರದ ಮರ ಇದ್ದ ಜಾಗದಲ್ಲಿ ಒಂದೇ ಬೆಳೆ, ಒಂದೇ ನೀರು, ಒಂದೇ ಮಾರುಕಟ್ಟೆ ನಂಬಿದ್ದು. ಅದಕ್ಕಿಂತ ದೊಡ್ಡ ತಪ್ಪು, ಕಡಿಯುವ ಮೊದಲು ಒಂದು ಕಡ್ಡಿಯನ್ನೂ ತೆಗೆದಿಡದೆ ಹೋದದ್ದು.

ಮುಂದಿನ ಬೇಸಿಗೆಯಲ್ಲಿ ಮನೆಗೆ ಬಾದಾಮಿ ಮಾವು ತಂದಿದ್ದೆ. ಹಣ್ಣು ಚೆನ್ನಾಗಿತ್ತು. ತಾತ ಅರ್ಧ ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು. ನಾನು ಏನೂ ಕೇಳಲಿಲ್ಲ. ಅವರೂ ಏನೂ ಹೇಳಲಿಲ್ಲ.

ವಾಟೆ ನೆಟ್ಟರೆ ಅದೇ ಮರ ಬರುತ್ತಾ?

ಬರಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೂ ಅದು ಮನಸ್ಸಿಗೆ ಇಳಿದದ್ದು ಬೇಗೂರಿನ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಎಂದೋ ಬಾವಿ ಮಾವಿನ ವಾಟೆ ತಗೊಂಡು ಹೋಗಿ ನೆಟ್ಟಿದ್ದರಂತೆ. ಅದು ಮರವಾಗಿ ಕಾಯಿ ಬಿಟ್ಟಿದೆ ಅಂತ ಗೊತ್ತಾದಾಗ ಬೈಕು ಹತ್ತಿ ಓಡಿದೆ. ಹಣ್ಣು ಮೂಸಿದರೆ ಸ್ವಲ್ಪ ಅದೇ ವಾಸನೆ. ಚೀಪಿದರೆ ಹುಳಿ.

ಕಾರಣ ಇಷ್ಟು. ನಮ್ಮ ಬಯಲು ಕಡೆಯ ಮಾವಿನ ವಾಟೆಗಳಲ್ಲಿ ಬಹುತೇಕ ಒಂದೇ ಭ್ರೂಣ ಇರುತ್ತೆ. ಅದು ತಾಯಿ ಮರ ಮತ್ತು ಪರಾಗ ಕೊಟ್ಟ ಬೇರೆ ಮರ ಎರಡರ ಗುಣವೂ ಸೇರಿ ಆದದ್ದು. ಮಕ್ಕಳು ಅಪ್ಪ-ಅಮ್ಮನ ಹಾಗೆ ಇರ್ತಾರೆ, ಆದರೆ ಅವರೇ ಆಗಿರಲ್ಲ, ಅಲ್ವಾ? ಹಾಗೆ. ಕರಾವಳಿಯ ಕೆಲವು ಮಾವುಗಳಲ್ಲಿ ಒಂದೇ ವಾಟೆಯಿಂದ ಮೂರು ನಾಲ್ಕು ಮೊಳಕೆ ಬರುತ್ತೆ, ಅದರಲ್ಲಿ ತಾಯಿಯ ತದ್ರೂಪವೂ ಸಿಗುತ್ತೆ. ನಮ್ಮ ನಾಟಿ ಮಾವಿಗೆ ಆ ಭಾಗ್ಯ ಇಲ್ಲ. ಹಲಸು, ನೇರಳೆಯಲ್ಲೂ ಬೀಜದ ಗಿಡ ತಾಯಿಯಂತೆಯೇ ಹಣ್ಣು ಕೊಡುತ್ತೆ ಅನ್ನೋ ಖಾತ್ರಿ ಇಲ್ಲ.

ಅಂದರೆ ನಿಮ್ಮ ಹಿತ್ತಲ ನಾಟಿ ಮಾವು ಇಡೀ ಪ್ರಪಂಚದಲ್ಲಿ ಅದೊಂದೇ. ಅದರ ಕಡ್ಡಿ ಕಸಿ ಮಾಡಿದರೆ ಮಾತ್ರ ಅದೇ ಮರ ಮತ್ತೆ ಬರುತ್ತೆ. ಕಡಿದ ಮೇಲೆ ಯಾವ ನರ್ಸರಿಯಲ್ಲಿ ಹುಡುಕಿದರೂ ಸಿಗಲ್ಲ.

ಮೂಲೆ ಹಲಸು ಉಳಿದದ್ದು ಹೀಗೆ

ಬಾವಿ ಮಾವು ಹೋಯಿತು. ಮೂಲೆಯ ಹಲಸು ಯಾರಿಗೂ ಅಡ್ಡ ಇರಲಿಲ್ಲ, ಹಾಗಾಗಿ ಉಳಿದಿತ್ತು. ಗಟ್ಟಿ ತೊಳೆ, ಜೇನಿನ ಬಣ್ಣ. ಕೆಲವು ವರ್ಷದ ಕೆಳಗೆ ಒಂದು ಗಾಳಿ ಮಳೆಗೆ ಅದರ ದೊಡ್ಡ ಕೊಂಬೆ ಸೀಳಿ ಬಿತ್ತು, ಕಾಂಡದಲ್ಲಿ ಪೊಟರೆ ಕಾಣಿಸಿತು. ಈ ಸಲ ನಾನು ಕಾಯಲಿಲ್ಲ. ಆ ಮಳೆಗಾಲವೇ ಇಪ್ಪತ್ತು ಕಸಿ ಮಾಡಿದೆ. ಮೂರು ಬದುಕಿದವು. ಮುಂದಿನ ವರ್ಷ ಮೂವತ್ತು ಮಾಡಿದೆ, ಹನ್ನೊಂದು ಬದುಕಿದವು. ಹಲಸಿನ ಕಸಿ ಮಾವಿಗಿಂತ ಕಷ್ಟ, ಕೈ ಪಳಗಬೇಕು. ನೀವು ಮಾವಿನಿಂದಲೇ ಶುರು ಮಾಡಿ. ಮೃದುಕಾಂಡ ಕಸಿಯ ಹೆಜ್ಜೆಗಳು ಇವು:

1. ಬೇರು ಸಸಿ. ಈ ಬೇಸಿಗೆಯಲ್ಲೇ ಯಾವುದಾದರೂ ಗಟ್ಟಿಮುಟ್ಟು ನಾಟಿ ಮಾವಿನ ವಾಟೆ ಆರಿಸಿ. ತಿಂದ ಮೇಲೆ ತೊಳೆದು, ನೆರಳಲ್ಲಿ ಆರಿಸಿ, ಕೆಲವೇ ದಿನದೊಳಗೆ ಬಿತ್ತಿ. ತಡವಾದಷ್ಟೂ ಮೊಳೆಯೋ ಶಕ್ತಿ ಹೋಗುತ್ತೆ. ಹಲಸಿನ ಬೀಜ ಇನ್ನೂ ಬೇಗ ಒಣಗುತ್ತೆ, ವಾರದೊಳಗೆ ಬಿತ್ತಿದರೆ ಒಳ್ಳೆಯದು. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮ ಪಾಲು ಸೇರಿಸಿದ ಪಾಲಿಥಿನ್ ಚೀಲ ಸಾಕು. ಪೆನ್ಸಿಲ್ ದಪ್ಪ ಬಂದ ಸಸಿ ಕಸಿಗೆ ಸಿದ್ಧ. ಮಾವಿನಲ್ಲಿ ಇದಕ್ಕೆ ಆರು ತಿಂಗಳಿಂದ ಒಂದು ವರ್ಷ.

2. ಕಸಿಕಡ್ಡಿ. ತಾಯಿ ಮರದಲ್ಲಿ ಬಿಸಿಲು ಬೀಳೋ ಕಡೆ, ಮೂರ್ನಾಲ್ಕು ತಿಂಗಳು ಬಲಿತ, ಸಸಿಯಷ್ಟೇ ದಪ್ಪದ ತುದಿ ರೆಂಬೆ ಆರಿಸಿ. ಕತ್ತರಿಸುವ ವಾರ-ಹತ್ತು ದಿನ ಮೊದಲು ಎಲೆಗಳನ್ನು ಮಾತ್ರ ಕತ್ತರಿಸಿ, ಎಲೆ ತೊಟ್ಟು ಬಿಡಿ. ತುದಿ ಮೊಗ್ಗು ಉಬ್ಬಿ, ಎಲೆ ತೊಟ್ಟು ಮುಟ್ಟಿದರೆ ಉದುರುವಾಗ ಕಡ್ಡಿ ತೆಗೆಯಿರಿ. ಉದ್ದ ನಾಲ್ಕರಿಂದ ಆರು ಇಂಚು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅವತ್ತೇ ಬಳಸಿ. ತುಂಬಾ ಹಳೇ ಮರದಲ್ಲಿ ಎಳೇ ರೆಂಬೆ ಸಿಗದಿದ್ದರೆ ಒಂದೆರಡು ಕೊಂಬೆ ಸವರಿ, ಹೊಸ ಚಿಗುರು ಬಂದು ಬಲಿಯೋವರೆಗೆ ಕಾಯಬೇಕು.

3. ಕಾಲ. ಗಾಳಿಯಲ್ಲಿ ತೇವ ಇರೋ ಜೂನ್‌ನಿಂದ ಸೆಪ್ಟೆಂಬರ್. ಬೇರು ಸಸಿಯಲ್ಲಿ ತಾಮ್ರದ ಬಣ್ಣದ ಹೊಸ ಚಿಗುರು ಇದ್ದರೆ ಒಳ್ಳೇ ಲಕ್ಷಣ.

4. ಕತ್ತರಿಸೋದು. ಸಸಿಯ ಮೃದು ಕಾಂಡವನ್ನು ಅಡ್ಡ ಕತ್ತರಿಸಿ, ನಡುವೆ ಒಂದೂವರೆಯಿಂದ ಎರಡು ಇಂಚು ಸೀಳಿ. ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೆತ್ತಿ ಸೀಳಿನೊಳಗೆ ಇಳಿಸಿ. ಒಂದು ಕಡೆಯಾದರೂ ಸಿಪ್ಪೆಗೆ ಸಿಪ್ಪೆ ಕೂಡಬೇಕು, ಬದುಕೋದು ಅಲ್ಲೇ. ಬ್ಲೇಡು ಹರಿತವಾಗಿರಲಿ, ಕೆತ್ತಿದ ಜಾಗ ಬೆರಳಲ್ಲಿ ಮುಟ್ಟಬೇಡಿ. ಹಲಸಿನಲ್ಲಿ ಹಾಲು ಒಸರುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬೇಗ ಕೂಡಿಸಿ.

5. ಕಟ್ಟೋದು. ಪಾಲಿಥಿನ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಮೇಲೆ ಐಸ್ ಕ್ಯಾಂಡಿ ಕವರಿನಂಥ ತೆಳು ಪ್ಲಾಸ್ಟಿಕ್ ಟೋಪಿ ಹಾಕಿ ಬುಡ ಕಟ್ಟಿ. ನೆರಳಲ್ಲಿ ಇಡಿ. ಸುಮಾರು ಮೂರು ವಾರಕ್ಕೆ ಮೊಗ್ಗು ಒಡೆದರೆ ಗೆದ್ದಿರಿ. ಚಿಗುರು ಬಂದ ಮೇಲೆ ಟೋಪಿ ತೆಗೆಯಿರಿ. ಎರಡು ಮೂರು ತಿಂಗಳಿಗೆ, ಬೆಸುಗೆ ಗಟ್ಟಿಯಾದ ಮೇಲೆ ಪಟ್ಟಿ ಬಿಚ್ಚಿ. ಪಟ್ಟಿ ಬಿಚ್ಚೋದು ಮರೆತರೆ ಕಾಂಡ ಕುತ್ತಿಗೆ ಹಿಸುಕಿದ ಹಾಗಾಗುತ್ತೆ. ಕಸಿಯ ಕೆಳಗೆ ಬರೋ ಚಿಗುರನ್ನೆಲ್ಲ ಚಿವುಟಿ, ಅದು ಬೇರು ಸಸಿಯದು.

ಮೊದಲ ಸಲ ಎಲ್ಲವೂ ಒಣಗಿದರೂ ಬೇಜಾರಾಗಬೇಡಿ. ಅದಕ್ಕೇ ಹೇಳೋದು, ಮರ ಗಟ್ಟಿಯಾಗಿರುವಾಗಲೇ ಶುರು ಮಾಡಿ ಅಂತ. ಕೈ ಪಳಗಲು ಎರಡು ಮಳೆಗಾಲ ಬೇಕು, ಬೀಳೋ ಮರ ಎರಡು ಮಳೆಗಾಲ ಕಾಯಲ್ಲ. ಕೈಯಲ್ಲಿ ಆಗಲ್ಲ ಅನ್ನಿಸಿದರೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲೋ ಕಸಿ ಬಲ್ಲವರನ್ನು ಕೇಳಿ.

ಒಂದು ಮರ ಮನೆ ನಡೆಸಿದ ಕತೆ

'ನಾಟಿ ಮರ ಉಳಿಸಿ ಏನು ಬಂತು?' ಅನ್ನೋರಿಗೆ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು ಚೇಳೂರಿನ ಕತೆ ಹೇಳ್ತೀನಿ. ಅಲ್ಲಿನ ರೈತ ಎಸ್.ಎಸ್. ಪರಮೇಶ ಅವರ ತೋಟದಲ್ಲಿ ಅವರ ತಂದೆ ಎಸ್.ಕೆ. ಸಿದ್ದಪ್ಪ ನೆಟ್ಟ ಒಂದು ಹಲಸಿನ ಮರ. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆಜಿ. ತೊಳೆ ತಾಮ್ರದ ಕೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ಸಿದ್ದಪ್ಪನವರ ನೆನಪಿಗೆ 'ಸಿದ್ದು' ಅಂತಲೇ ಹೆಸರಿಟ್ಟರು. 2017ರಲ್ಲಿ ಸಂಸ್ಥೆ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡು, ಕಸಿ ಗಿಡ ಮಾರಾಟದ ಆದಾಯದಲ್ಲಿ ಪಾಲು ಅವರಿಗೇ ಸಿಗುವಂತೆ ಮಾಡಿತು. ಅಪ್ಪ ನೆಟ್ಟ ಒಂದು ಮರದಿಂದ ಆದ ಕಸಿ ಗಿಡಗಳು ರಾಜ್ಯದ ಉದ್ದಗಲಕ್ಕೂ ಹೋದವು.

ಎಲ್ಲರ ಮರವೂ ಸಿದ್ದು ಆಗಲ್ಲ. ಆದರೆ ಯಾವುದು ಆಗುತ್ತೆ ಅಂತ ಕಡಿದ ಮೇಲೆ ತಿಳಿಯೋ ದಾರಿ ಇಲ್ಲ. ನಿಮ್ಮ ಮರದಲ್ಲಿ ನಿಜಕ್ಕೂ ವಿಶೇಷ ಇದ್ದರೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತ ತಳಿಯಾಗಿ ನೋಂದಾಯಿಸುವ ಹಕ್ಕು ನಿಮಗಿದೆ. ರೈತರಿಗೆ ನೋಂದಣಿ ಶುಲ್ಕವೂ ಇಲ್ಲ. ದಾರಿ ತೋರಿಸಲು ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ.

ಹತ್ತು ಗುಂಟೆಯ ಹಣ್ಣಿನ ಹಿತ್ತಲು

ಒಣಭೂಮಿಯಲ್ಲಿ ಹಣ್ಣು ಬೆಳೆಯೋದು ನಮ್ಮ ಸೀಮೆಗೆ ಹೊಸ ಮಾತಲ್ಲ. ನಮ್ಮ ಪಕ್ಕದ ಬನ್ನೂರು ಕಡೆಯವರೇ ಆದ ಡಾ. ಎಂ.ಎಚ್. ಮರಿಗೌಡರು 1963ರಲ್ಲಿ ರಾಜ್ಯದ ತೋಟಗಾರಿಕೆ ನಿರ್ದೇಶಕರಾದ ಮೇಲೆ ಒತ್ತು ಕೊಟ್ಟದ್ದೇ ಇದಕ್ಕೆ. ಮಳೆ ಕಡಿಮೆ ಇದ್ದರೂ ಬೇರು ಆಳಕ್ಕೆ ಇಳಿದ ಮರ ಕೈಬಿಡಲ್ಲ.

ತಾತನ ಹಿತ್ತಲನ್ನೇ ಮಾದರಿ ಮಾಡಿಕೊಂಡು, ಈಗಿನ ತಳಿ ಸೇರಿಸಿ ನಾನು ಹಾಕಿರುವ ಲೆಕ್ಕ ಇದು: ಮಾವು 3, ಹಲಸು 1, ನೇರಳೆ 1, ಸಪೋಟ 1, ನೆಲ್ಲಿ 2, ಸೀಬೆ 3, ಸೀತಾಫಲ 4, ನಿಂಬೆ 2. ಒಟ್ಟು 17 ಮರ. ಮರಗಳು ಬೆಳೆಯೋವರೆಗೆ ನಡುವೆ ಪಪ್ಪಾಯ, ಬಚ್ಚಲ ನೀರಿಗೆ ನಾಲ್ಕೈದು ಬಾಳೆ.

ಮಾವು ಮೂರೂ ಒಂದೇ ತಳಿ ಬೇಡ. ಒಂದು ನಿಮ್ಮ ಮನೆಯ ನಾಟಿ ಮರದ ಕಸಿ, ಒಂದು ಬಾದಾಮಿ ಅಥವಾ ರಸಪುರಿ, ಒಂದು ತಡವಾಗಿ ಬರೋ ಮಲ್ಲಿಕಾ. ಆಗ ಹಣ್ಣು ಒಂದೇ ಸಲ ಬಂದು ಕೊಳೆಯಲ್ಲ. ನೆಲ್ಲಿ ಎರಡು ಬೇರೆ ಬೇರೆ ತಳಿ ಇರಲಿ, ಒಂದೇ ತಳಿ ಇದ್ದರೆ ಕಾಯಿ ಸರಿಯಾಗಿ ಕಚ್ಚಲ್ಲ.

ಹೀಗಿದ್ದರೆ ಹಿತ್ತಲ ಪಂಚಾಂಗ ಹೀಗಿರುತ್ತೆ:

ಮಾರ್ಚ್: ಎಳೆ ಹಲಸಿನ ಕಾಯಿ ಪಲ್ಯಕ್ಕೆ, ಮಾವಿನಕಾಯಿ ಚಿತ್ರಾನ್ನಕ್ಕೆ.
ಏಪ್ರಿಲ್‌ನಿಂದ ಜೂನ್: ಮಾವು, ಹಲಸು.
ಜೂನ್-ಜುಲೈ: ನೇರಳೆ, ಕಡೆಯ ಮಾವು.
ಆಗಸ್ಟ್‌ನಿಂದ ನವೆಂಬರ್: ಸೀತಾಫಲ.
ನವೆಂಬರ್‌ನಿಂದ ಫೆಬ್ರುವರಿ: ಸೀಬೆ, ನೆಲ್ಲಿ.
ಉಳಿದಂತೆ ವರ್ಷವಿಡೀ: ಪಪ್ಪಾಯ, ಬಾಳೆ, ನಿಂಬೆ, ಆಗಾಗ ಸಪೋಟ.

ಈಗ ಹಾಕೋ ವಿಧಾನ.

ಜಾಗ. ಮಾವು, ಹಲಸು, ನೇರಳೆಗೆ ಸುತ್ತ 30 ಅಡಿ. ಸಪೋಟ, ನೆಲ್ಲಿಗೆ 25. ಸೀಬೆಗೆ 18ರಿಂದ 20. ಸೀತಾಫಲ, ನಿಂಬೆಗೆ 15. ಎತ್ತರದ ಮರಗಳು ಉತ್ತರ ಮತ್ತು ಪಶ್ಚಿಮದ ಅಂಚಿಗೆ ಬರಲಿ. ವರ್ಷದ ಹೆಚ್ಚು ಕಾಲ ಸೂರ್ಯ ನಮಗೆ ದಕ್ಷಿಣಕ್ಕೆ ಇರ್ತಾನೆ, ನೆರಳು ಉತ್ತರಕ್ಕೆ ಬೀಳುತ್ತೆ. ಪಶ್ಚಿಮದ ಮರಗಳು ಜೂನ್-ಜುಲೈ ಗಾಳಿ ತಡೆಯುತ್ತವೆ. ಉತ್ತರದಲ್ಲಿ ಬೇರೆಯವರ ಹೊಲ ಇದ್ದರೆ ಗಡಿಯಿಂದ 15 ಅಡಿಯಾದರೂ ಒಳಗೆ ಹಾಕಿ. ಮರ ಹಾಕಿ ಪಕ್ಕದವರ ಸ್ನೇಹ ಕಳ್ಕೋಬೇಡಿ.

ಗುಂಡಿ. ದೊಡ್ಡ ಮರಕ್ಕೆ ಮೂರು ಅಡಿ, ಚಿಕ್ಕದಕ್ಕೆ ಎರಡು ಅಡಿ ಉದ್ದ, ಅಗಲ, ಆಳ. ಏಪ್ರಿಲ್‌ನಲ್ಲೇ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣು, 20 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ ಸೇರಿಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತೆ.

ನೆಡೋ ಕಾಲ. ಪುಸ್ತಕದಲ್ಲಿ ಜೂನ್ ಅಂತ ಇರುತ್ತೆ. ನಮ್ಮದು ಮಳೆ ನೆರಳಿನ ಸೀಮೆ. ಮೇನಲ್ಲಿ ಒಂದು ಕಂತು ಮಳೆ, ಆಮೇಲೆ ಜೂನ್-ಜುಲೈನಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಳ್ಳೇ ಮಳೆ. ನೀರು ಕೊಡೋ ಅನುಕೂಲ ಇದ್ದರೆ ಮೇ ಮಳೆಗೆ ನೆಡಿ, ಇಲ್ಲದಿದ್ದರೆ ಸೆಪ್ಟೆಂಬರ್ ಮೊದಲ ವಾರ. ಕಸಿಯ ಗಂಟು ಮಣ್ಣಿನ ಮೇಲೇ ಇರಲಿ. ಗಾಳಿಗೆ ಅಲ್ಲಾಡದಂತೆ ಗೂಟ ಕಟ್ಟಿ. ಮೊದಲ ಮೂರು ವರ್ಷ ಮಾವಿಗೆ ಬಂದ ಹೂವು ಕಿತ್ತುಹಾಕಿ. ಮನಸ್ಸು ಬರಲ್ಲ, ಆದರೂ ಕೀಳಿ.

ನೀರು. ತಾತನ ಉಪಾಯವೇ ಸಾಕು. ಗಿಡದಿಂದ ಒಂದೂವರೆ ಅಡಿ ದೂರಕ್ಕೆ ಒಂದು ಮಣ್ಣಿನ ಮಡಕೆ ಬಾಯಿವರೆಗೆ ಹೂತು, ನೀರು ತುಂಬಿ, ಮುಚ್ಚಳ ಹಾಕಿ. ಮಡಕೆ ಬಣ್ಣ ಬಳಿದದ್ದಾಗಿರಬಾರದು. ನೀರು ನಿಧಾನಕ್ಕೆ ಜಿನುಗಿ ಬೇರಿಗೆ ಹೋಗುತ್ತೆ. ಪಾತಿಗೆ ಒಣ ಹುಲ್ಲು ಹೊದಿಸಿ, ಆದರೆ ಕಾಂಡಕ್ಕೆ ಅಂಟದಂತೆ ನಾಲ್ಕು ಬೆರಳು ಬಿಡಿ. ಎರಡು ಬೇಸಿಗೆ ಕಳೆಸಿದರೆ ಆಮೇಲೆ ಮರ ತನ್ನ ದಾರಿ ತಾನೇ ನೋಡಿಕೊಳ್ಳುತ್ತೆ.

ಕಾಡಂಚಿನವರಿಗೆ ಒಂದು ಮಾತು. ಹಂಗಳ, ಮಂಗಲ ಕಡೆ ಬಂಡೀಪುರದ ಅಂಚಿನಲ್ಲಿ ಜಮೀನು ಇರೋರು ಹಲಸು, ಬಾಳೆ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಹಲಸು ಹಣ್ಣಾದ ವಾಸನೆ ನಮಗಿಂತ ಮೊದಲು ಆನೆಗೆ ಗೊತ್ತಾಗುತ್ತೆ. ಮರ ಈಗಾಗಲೇ ಇದ್ದರೆ ಕಾಯಿ ಬಲಿತ ಕೂಡಲೇ ಇಳಿಸಿ, ಮರದಲ್ಲೇ ಹಣ್ಣಾಗಲು ಬಿಡಬೇಡಿ. ಮುಳ್ಳು ಅಗಲವಾಗಿ ಚಪ್ಪಟೆಯಾಗಿ, ತಟ್ಟಿದರೆ ಡಬ್ ಡಬ್ ಅಂದರೆ ಬಲಿತಿದೆ ಅಂತ ಅರ್ಥ. ರಾತ್ರಿ ಮರದ ಹತ್ತಿರ ಕಾವಲು ಕೂರೋ ಸಾಹಸ ಖಂಡಿತ ಬೇಡ. ಯಾವ ಹಣ್ಣೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಈ ಹಿತ್ತಲಿಂದ ಲಕ್ಷ ಬರುತ್ತೆ ಅಂತ ನಾನು ಹೇಳಲ್ಲ. ಮೊದಲು ಮನೆ ಮಕ್ಕಳು ತಿನ್ನಲಿ. ಮಿಕ್ಕಿದ್ದು ಸಂತೆಗೆ, ನೆಂಟರಿಗೆ. ಉಳಿದ ಹೊಲದಲ್ಲಿ ನಿಮ್ಮ ಅರಿಶಿನವೋ ಟೊಮೆಟೊವೋ ಇರಲಿ. ರೇಟು ಬಿದ್ದ ವರ್ಷವೂ ಈ ಹತ್ತು ಗುಂಟೆ ಹಣ್ಣು ಕೊಡುತ್ತೆ, ಅದೇ ಇದರ ಲಾಭ.

ಈ ವಾರದ ಕೆಲಸ

ಕೈಯಲ್ಲಿ ಫೋನ್ ಇದೆಯಲ್ಲ, ಇವತ್ತೇ ಮೂರು ಕೆಲಸ ಮಾಡಿ.

ಒಂದು: ನಿಮ್ಮ ಮನೆಯ, ನೆಂಟರ ಮನೆಯ ಹಳೇ ಹಣ್ಣಿನ ಮರದ ಫೋಟೊ ತೆಗೆಯಿರಿ. ಇಡೀ ಮರ, ಎಲೆ, ಕಾಯಿ, ಕತ್ತರಿಸಿದ ಹಣ್ಣು. ಮ್ಯಾಪಿನಲ್ಲಿ ಜಾಗ ಗುರುತು ಹಾಕಿ. ಹೂವು ಬಂದ ತಿಂಗಳು, ಹಣ್ಣಾದ ತಿಂಗಳು, ಹತ್ತು ಹಣ್ಣಿನ ತೂಕ ಬರೆದಿಡಿ.

ಎರಡು: ಮನೆಯಲ್ಲಿ ತಾತ, ಅಜ್ಜಿ ಇದ್ದರೆ ಪಕ್ಕ ಕೂತು ಆ ಮರದ ಕತೆ ಕೇಳಿ ರೆಕಾರ್ಡ್ ಮಾಡಿ. ಯಾರು ನೆಟ್ಟರು, ಎಲ್ಲಿಂದ ತಂದರು, ಬರಗಾಲದಲ್ಲಿ ಹೇಗಿತ್ತು. ನಮ್ಮ ತಾತನನ್ನು ನಾನು ಇದನ್ನು ಕೇಳಲೇ ಇಲ್ಲ. ಬಾವಿ ಮಾವು ಹೋದ ನಾಲ್ಕನೇ ವರ್ಷಕ್ಕೆ ಅವರೂ ಹೋದರು.

ಮೂರು: ಈ ಸಲ ತಿಂದ ನಾಟಿ ಮಾವಿನ ವಾಟೆ ಎಸೆಯಬೇಡಿ. ಹತ್ತು ಚೀಲದಲ್ಲಿ ಬಿತ್ತಿ. ಮುಂದಿನ ಮಳೆಗಾಲಕ್ಕೆ ಬೇರು ಸಸಿ ರೆಡಿ.

ಹನ್ನೊಂದು ಹಲಸಿನ ಕಸಿಯಲ್ಲಿ ನಾಲ್ಕು ನಮ್ಮ ತೋಟದಲ್ಲಿವೆ, ಉಳಿದವನ್ನು ನೆಂಟರಿಗೆ ಹಂಚಿದೆ. ಒಂದು ಕಡೆ ಒಣಗಿದರೂ ಇನ್ನೊಂದು ಕಡೆ ಇರಲಿ ಅಂತ. ಹೋದ ಬೇಸಿಗೆಯಲ್ಲಿ ಮೊದಲನೇ ಗಿಡ ಎರಡು ಕಾಯಿ ಬಿಟ್ಟಿತ್ತು. ಗಟ್ಟಿ ತೊಳೆ, ಜೇನಿನ ಬಣ್ಣ. ನನ್ನ ಮಗಳು ಕೈಗೆ ಎಣ್ಣೆ ಸವರಿಕೊಳ್ಳದೆ ತೊಳೆ ಬಿಡಿಸಲು ಹೋಗಿ ಬೆರಳಿಗೆಲ್ಲ ಮೇಣ ಮಾಡಿಕೊಂಡಳು. ನಾನೂ ಅವಳ ವಯಸ್ಸಿನಲ್ಲಿ ಹಾಗೇ ಮಾಡಿದ್ದೆ.

ಬಾವಿ ಪಕ್ಕದ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಏನು ನೆಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಚಿಕ್ಕಮ್ಮನ ಮನೆಯ ಹುಳಿ ಮಾವಿನ ಕಡ್ಡಿ ತಂದು ಈ ಮಳೆಗಾಲ ಕಸಿ ಮಾಡೋಣ ಅಂತಿದ್ದೀನಿ. ಅದೇ ಮರ ಅಲ್ಲ, ಗೊತ್ತು. ಆದರೆ ಅದರ ವಾಸನೆ ಸ್ವಲ್ಪ ಅದರಲ್ಲಿ ಉಳಿದಿದೆ.